ಗುಳಿಬಿದ್ದ ಸಿಲಿಂಡರ್

ಬೆಳಗ್ಗೆಯಿಂದ ಬಂದ ಏಳನೇ ಬಸ್ಸಿನಲ್ಲೂ ಬೆಂಕಿ ಆರಿಸುವ ಅದೇ ಸಿಲಿಂಡರ್! ಹೊಟ್ಟೆಯ ಮೇಲೆ ಅದೇ ಗುಳಿ, ಕತ್ತಿನಲ್ಲಿ ಅದೇ ಹಳದಿ ದಾರ. ಬಸ್ಸು ರಸ್ತೆಗಿಳಿಯಬಹುದು ಎಂದು ಎಫ್‌ಸಿ ಬರೆದುಕೊಡುವ ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ಮೂರನೆಯದರಲ್ಲೇ ಅನುಮಾನ ಬಂದಿತ್ತು, ಹಿಂದೆ ಸಾಲು ಉದ್ದವಿದೆ ಅಂತ ಸಹಿ ಗೀಚಿಬಿಟ್ಟಿದ್ದರು.

"ಏನ್ರೀ, ನನ್ನ ಕಿವಿಗೆ ಹೂ ಇಡೋಕೆ ಬಂದಿದೀರಾ? ಯಾರದ್ರೀ ಇದು?"

ಡ್ರೈವರ್ ತಲೆ ಕೆರೆದುಕೊಂಡ. "ಗೇಟಿನ ಎದುರಿನ ಟೀ ಅಂಗಡಿಯವರದ್ದು ಸಾರ್. ತಪಾಸಣೆಗೆ ಬರೋರಿಗೆಲ್ಲ ಕೊಡ್ತಾರೆ, ಆಮೇಲೆ ವಾಪಸ್ ಇಸ್ಕೋತಾರೆ. ಪುಣ್ಯಾತ್ಮರು."

ಇನ್‌ಸ್ಪೆಕ್ಟರ್ ಪಿನ್ನು ಕಿತ್ತು ಹಿಡಿ ಅದುಮಿದರು. ಪುಸ್ ಅನ್ನುವ ಸದ್ದೂ ಬರಲಿಲ್ಲ. ಐವತ್ತು ಜನ ಕೂರುವ ಬಸ್ಸಿಗೆ ಈ ಖಾಲಿ ಡಬ್ಬ! ಅದನ್ನು ಬಗಲಲ್ಲಿ ಅವುಚಿಕೊಂಡು, ದಡದಡ ಮೆಟ್ಟಿಲು ಹತ್ತಿ, ಆರ್‌ಟಿಒ ಸಾಹೇಬರ ಮೇಜಿನ ಮೇಲೆ ಕುಕ್ಕಿದರು.

"ನೋಡಿ ಸಾರ್! ಇದೊಂದನ್ನೇ ತೋರಿಸಿ ಆರು ಬಸ್ಸಿನವರು ನನ್ನ ಕಣ್ಣಿಗೆ ಮಣ್ಣೆರಚಿದ್ದಾರೆ. ಒಳಗೆ ಏನೂ ಇಲ್ಲ. ಅಷ್ಟೂ ಎಫ್‌ಸಿ ರದ್ದು ಮಾಡಿ!"

ಸಾಹೇಬರ ಮುಖ ಅರಳಿತು.

"ಬದುಕಿಸಿಬಿಟ್ರಿ ಕಣ್ರೀ! ಮಧ್ಯಾಹ್ನ ನಮ್ಮ ಕಚೇರಿಗೇ ಅಗ್ನಿಶಾಮಕದವರ ತಪಾಸಣೆ ಇದೆ. ಟೀ ಅಂಗಡಿಗೆ ನಾಲ್ಕು ಸಲ ಜನ ಕಳಿಸಿದೆ, ಪ್ರತಿ ಸಲಾನೂ ಯಾವುದೋ ಬಸ್ಸಿಗೆ ಹೋಗಿದೆ ಅಂದ್ರು." ಅವರು ಗೋಡೆಯಲ್ಲಿದ್ದ ಬರಿ ಮೊಳೆಯತ್ತ ಕೈ ತೋರಿಸಿದರು. "ಅಲ್ಲಿ ನೇತುಹಾಕಿ. ಗುಳಿ ಗೋಡೆ ಕಡೆಗಿರಲಿ."