ಹೊಲಿಗೆಗೆ ಬಿಟ್ಟ ಅಂಚು

ತೊಳೆದ ಕಪ್ಪುಗಳನ್ನು ಬೋರಲು ಹಾಕುವಷ್ಟರಲ್ಲಿ ಸಿಂಕಿಗೆ ಇನ್ನೆರಡು ಬಂದವು. ಸೊಸೆ ಅವನ್ನೂ ನಲ್ಲಿಯ ಕೆಳಗೆ ಹಿಡಿದಳು. ಮುಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಗೋಡೆಗೆ ಸರಿಸಿ, ಆದ ಜಾಗದಲ್ಲಿ ಅತ್ತೆಯನ್ನು ಮಲಗಿಸಿದ್ದರು. ಜೀವಮಾನವೆಲ್ಲ ಊರ ಹೆಂಗಸರ ಬಟ್ಟೆ ಹೊಲಿದಾಕೆಗೆ ಯಾರೋ ಹೊಸ ಬಿಳಿ ಬಟ್ಟೆ ತಂದು ಹೊದಿಸಿದ್ದರು. ಅದರ ಅಂಚು ಮಡಿಚಿ ಹೊಲಿದಿರಲಿಲ್ಲ, ಎಳೆಯೊಂದು ನೇತಾಡುತ್ತಿತ್ತು. ಬೆಳಿಗ್ಗೆಯಿಂದ ಸೊಸೆಗೆ ಕಂಡದ್ದು ಆ ಎಳೆಯೊಂದೇ. ಅಳು ಬಂದಿರಲಿಲ್ಲ.

"ಅತ್ತಿಗೆ, ಒಂದ್ಸಲ ಅತ್ತುಬಿಡಿ," ಬಾಗಿಲಲ್ಲಿ ನಿಂತ ನಾದಿನಿಯ ಕಣ್ಣು ಊದಿಕೊಂಡಿತ್ತು. "ಹೊರಗೆ ಕೂತಿರೋರು ಏನಂದ್ಕೋತಾರೆ?"

"ಬಂದ್ರೆ ಅಳ್ತೀನಿ. ಕಪ್ ಸಾಲ್ತಿಲ್ಲ ಅಂದ್ಯಲ್ಲ, ತಗೋ ಇವನ್ನ."

"ನಾಳೆ ನಮ್ಮ ಜೊತೆ ಹೊರಟುಬಿಡಿ. ಅಣ್ಣ ಯಾವತ್ತೋ ಹೋದ, ಈಗ ಅಮ್ಮನೂ ಇಲ್ಲ. ಇಲ್ಲಿ ಕೂತು ಗೋಡೆ ಜೊತೆ ಮಾತಾಡ್ತೀರಾ? ಅಲ್ಲಿ ನಮ್ಮತ್ತೆ ಬೇರೆ ಹಾಸಿಗೆ ಹಿಡಿದಿದ್ದಾರೆ. ನಿಮ್ಮಷ್ಟು ಚೆನ್ನಾಗಿ ನೋಡ್ಕೊಳ್ಳೋರು ಯಾರು ಸಿಗ್ತಾರೆ ಹೇಳಿ?"

ಅಟ್ಟದ ಮೇಲಿದ್ದ ಸೂಟ್‌ಕೇಸ್ ಆಗಲೇ ಕೆಳಗಿಳಿದಿತ್ತು.

"ನೋಡೋಣಮ್ಮ."

"ನೋಡೋದೇನು? ಹೂಂ ಅನ್ನಿ."

*

ಮಂಡಿನೋವಿಗೆ ಮೆಷಿನ್ ತುಳಿಯಲಾಗದೆ ಹೋದ ಮೇಲೆ ಅತ್ತೆ ಗ್ರಂಥಾಲಯದ ಚಿತ್ರಕಲೆ ತರಗತಿಗೆ ಸೇರಿದ್ದರು. ಶನಿವಾರ ಶನಿವಾರ ಕರೆದುಕೊಂಡು ಹೋಗುವುದು ಸೊಸೆಯ ಕೆಲಸ. ತರಗತಿ ಮುಗಿಯುವವರೆಗೆ ಅವಳು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ತೆರೆದ ಬಾಗಿಲಿನಿಂದ ಎಲ್ಲ ಕೇಳಿಸುತ್ತಿತ್ತು.

ಮೊದಲ ದಿನ ಮೇಷ್ಟ್ರು ಎದುರಿಗೊಂದು ಕಪ್ ಇಟ್ಟು, ಇದನ್ನು ಬರೆಯಿರಿ ಎಂದರು. ಅತ್ತೆ ದೊಡ್ಡ ವೃತ್ತ, ಸಣ್ಣ ವೃತ್ತ, ಬಾಗಿದ ಒಂದು ಪಟ್ಟಿ, ಹಿಡಿಗೆಂದು ಇನ್ನೊಂದು ಕಿರುಪಟ್ಟಿ ಬರೆದು, ಎಲ್ಲದರ ಸುತ್ತ ಚುಕ್ಕೆಗೆರೆ ಎಳೆದರು.

"ಇದೇನಮ್ಮಾ?"

"ಕಪ್ ಕಣ್ರೀ. ಬಾಯಿ, ತಳ, ಮೈ, ಕಿವಿ."

"ಈ ಚುಕ್ಕೆ?"

"ಹೊಲಿಗೆಗೆ ಅಂಚು ಬಿಡಬೇಡವಾ ಮೇಷ್ಟ್ರೇ? ಇಲ್ದಿದ್ರೆ ಜೋಡಿಸಿದ ಮೇಲೆ ಬಿಗಿಯಾಗುತ್ತೆ."

ತರಗತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆಯೇ.

"ನಿಮಗೆ ಗೊತ್ತಿರೋ ಕಪ್ಪನ್ನ ಬಿಟ್ಬಿಡಿ," ಎಂದರು ಮೇಷ್ಟ್ರು. "ಕೂತಲ್ಲಿಂದ ಕಣ್ಣಿಗೆ ಏನು ಕಾಣುತ್ತೋ ಅಷ್ಟೇ ಬರೀರಿ."

ಮನೆಯಲ್ಲೂ ಅದೇ ಪಾಠ. ಕಿಟಕಿಯ ಪಕ್ಕ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನೀಲಿ ಕಪ್ಪೊಂದನ್ನಿಟ್ಟು ಅತ್ತೆ ಬರೆಯುವರು, ಅಳಿಸುವರು.

"ಲೇ, ಬಾರೇ ಇಲ್ಲಿ. ನೀನು ನಿಂತ ಕಡೆಯಿಂದ ಇದರ ಬಾಯಿ ಹೇಗೆ ಕಾಣುತ್ತೆ?"

"ಗುಂಡಗಿದೆ ಅತ್ತೆ. ಒಲೆ ಮೇಲೆ ಹಾಲಿಟ್ಟಿದ್ದೀನಿ."

"ನೋಡ್ದೇನೇ ಹೇಳ್ತೀಯಲ್ಲೇ!"

*

ಮೇಷ್ಟ್ರು ಬಂದಾಗ ಕಪ್ ಮತ್ತೆ ಕಡಿಮೆ ಬಿದ್ದಿತ್ತು. ಪಕ್ಕದ ಮನೆಯಾಕೆ ಕೈಗೆ ಸಿಕ್ಕಿದ ನೀಲಿ ಕಪ್ಪಿಗೇ ಟೀ ಸುರಿದು ಅವರ ಮುಂದೆ ಹಿಡಿದಳು. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರಲ್ಲಿ ಹೇಗೆ ಕುಡೀಲಿ ತಾಯಿ? ಅವರು ಇದರ ಚಿತ್ರ ಎಷ್ಟು ತಂದು ತೋರಿಸಿದ್ದಾರೆ ಗೊತ್ತಾ? ಹೋದ ವಾರ ಬಾಯಿ ಸರಿಯಾಗಿ ಬಂದಿತ್ತು." ಕಪ್ಪಿನ ಸುತ್ತ ಬೆರಳಾಡಿಸಿ ಹೇಳಿದರು: "ಚುಕ್ಕೆಗೆರೆ ಮಾತ್ರ ಕೊನೆವರೆಗೂ ಬಿಡಲಿಲ್ಲ."

ಕಪ್ಪನ್ನು ಮೇಜಿನ ಮೇಲಿಟ್ಟು ಸೊಸೆಯತ್ತ ತಿರುಗಿದರು. "ಬೆಂಚಿನ ಮೇಲೆ ಕೂತಿರ್ತಿದ್ದೋರು ನೀವೇ ಅಲ್ವಾ?"

"ಹೌದು."

"ಟೀ ಕೊಟ್ರೆ ಕಪ್ಪನ್ನ ಗುರಾಯಿಸ್ತಾರೆ. ಎಂಥಾ ಮೇಷ್ಟ್ರೋ!" ಪಕ್ಕದ ಮನೆಯಾಕೆ ಅಡುಗೆಮನೆಯಲ್ಲಿ ಗೊಣಗಿದಳು.

ವ್ಯಾನ್ ಬಂತು. ಅತ್ತೆಯನ್ನು ಎತ್ತುವಾಗ ಬಿಳಿ ಬಟ್ಟೆಯ ಆ ಎಳೆ ಯಾರದೋ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು. ಸೊಸೆ ಡ್ರಾಯರಿನಿಂದ ಕತ್ತರಿ ತಂದು ಅದನ್ನು ಬಿಡಿಸಿದಳು.

*

ಎಲ್ಲ ಮುಗಿಸಿ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಮೇಜಿನ ಮೇಲೆ ನೀಲಿ ಕಪ್ ಹಾಗೇ ಇತ್ತು. ಟೀ ಆರಿ ಕೆನೆಗಟ್ಟಿತ್ತು. ಎತ್ತಿಕೊಳ್ಳಲು ಹೋದ ಸೊಸೆ ನಿಂತಳು. ನಿಂತಲ್ಲಿಂದ ಅದರ ಬಾಯಿ ಗುಂಡಗಿರಲಿಲ್ಲ. ಅರ್ಧ ಮುಚ್ಚಿದ ಕಣ್ಣಿನಂತೆ ಕಿರಿದಾಗಿತ್ತು. ಬಗ್ಗಿದಳು. ಬರೀ ಗೆರೆಯಾಯಿತು. ನೆಟ್ಟಗಾದಳು. ಮತ್ತೆ ತೆರೆದುಕೊಂಡಿತು.

"ಅದೊಂದು ಕಪ್ ಕೊಡಿ ಅತ್ತಿಗೆ, ತೊಳೆದುಬಿಡ್ತೀನಿ," ನಾದಿನಿ ಒಳಗಿನಿಂದ ಕೂಗಿದಳು. "ನಿಮ್ಮ ಬಟ್ಟೆ ಸೂಟ್‌ಕೇಸಿಗೆ ಹಾಕ್ಲಾ?"

"ಅಲ್ಲೇ ಇರಲಿ ಬಿಡು."

"ಯಾವುದು, ಕಪ್ಪಾ, ಬಟ್ಟೇನಾ?"

"ನೀನು ಹೋಗಿ ಸ್ವಲ್ಪ ಮಲಗು. ದಣಿದಿದ್ದೀಯ."

ಶನಿವಾರ ಬೆಂಚಿನ ಮೇಲಲ್ಲ, ಒಳಗೆ ಕೂರಬೇಕು ಎಂದುಕೊಂಡಳು. ಟೀ ಚೆಲ್ಲದ ಹಾಗೆ ಮೇಜನ್ನು ಮೆಲ್ಲಗೆ ಎಳೆದು ಕಿಟಕಿಯ ಪಕ್ಕ, ಅದರ ಮೊದಲಿನ ಜಾಗಕ್ಕೆ ತಂದಳು. ಡ್ರಾಯರಿನಲ್ಲಿ ಅತ್ತೆ ಬಟ್ಟೆಗೆ ಗುರುತು ಹಾಕುತ್ತಿದ್ದ ಸೀಮೆಸುಣ್ಣದ ತುಂಡಿತ್ತು. ಕಪ್ಪಿನ ಬುಡದ ಸುತ್ತ ಒಂದು ಗೆರೆ ಎಳೆದಳು. ಅದರಿಂದ ಒಂದು ಬೆರಳು ಆಚೆಗೆ, ಚುಕ್ಕೆ ಚುಕ್ಕೆಯಾಗಿ, ಇನ್ನೊಂದು.