ಕುಂಕುಮದ ಚುಕ್ಕೆಗಳು

ಅವ್ವನ ಬೆನ್ನಿನಲ್ಲಿ ಗುಳ್ಳೆ ಎದ್ದ ದಿನವೇ ಅಕ್ಕ ಸ್ಪಂದನ ಕೆಂಗೇರಿಯಿಂದ ವಿಜಯನಗರದ ನಮ್ಮ ಮನೆಗೆ ಬಂದಿದ್ದಳು. ನಾಲ್ಕು ತಿಂಗಳ ಬಸುರಿ. ಪಕ್ಕದ ಮನೆ ಗಿರಿಜಾದೇವಿ ಆಂಟಿ ‘ಸರ್ಪಸುತ್ತು’ ಅಂದದ್ದೇ ತಡ, ಅಕ್ಕ ಕೆಮ್ಮಣ್ಣು ಕಲಸಿ ತನ್ನ ಬೆರಳಿಂದಲೇ ಗುಳ್ಳೆಗಳಿಗೆಲ್ಲ ಹಚ್ಚಿದಳು. ಸರ್ಪದ ತಲೆಯೂ ಬಾಲವೂ ಕೂಡುವ ಮೊದಲೇ ಹಚ್ಚಬೇಕಂತೆ.

ಮಾರನೇ ಬೆಳಿಗ್ಗೆ ಡಾಕ್ಟರು ಅದನ್ನೆಲ್ಲ ತೊಳೆಸಿದರು.

“ಚಿಕ್ಕೋರಿದ್ದಾಗ ನಿಮಗೆ ಚಿಕನ್‌ಪಾಕ್ಸ್ ಆಗಿತ್ತಲ್ವಾ? ಅದೇ ವೈರಸ್ಸು ಇದು. ಗುಳ್ಳೆ ಒಣಗಿದ್ರೂ ಅದು ಹೋಗಲ್ಲ, ನರದ ಬುಡದಲ್ಲಿ ಮಲಗಿರುತ್ತೆ. ವಯಸ್ಸಾಗಿ ಮೈಯ ಕಾವಲು ಸಡಿಲ ಆದಾಗ ಅದೇ ನರ ಹಿಡ್ಕೊಂಡು ಚರ್ಮಕ್ಕೆ ಬರುತ್ತೆ.”

“ಐವತ್ತು ವರ್ಷ ನನ್ನೊಳಗೇ ಇತ್ತಾ? ಒಂದು ಮಾತೂ ಹೇಳ್ದೆ?” ಅವ್ವನಿಗೆ ಉರಿಗಿಂತ ಅದೇ ದೊಡ್ಡದಾಯಿತು.

ಡಾಕ್ಟರ ಕಣ್ಣು ಅಕ್ಕನ ಉಗುರಿನ ಕೆಂಪಿನ ಮೇಲೆ ನಿಂತಿತು. “ಹಚ್ಚಿದ್ದು ನೀವಾ? ನಿಮಗೆ ಚಿಕನ್‌ಪಾಕ್ಸ್ ಆಗಿದೆಯಾ? ಆಗಿಲ್ದಿದ್ರೆ ಈ ಗುಳ್ಳೆ ನೀರಿಂದ ಬರಬಹುದು. ಈಗ ಬಂದ್ರೆ ಹೊಟ್ಟೇಲಿರೋ ಮಗುಗೂ ಅಪಾಯ.”

“ಇವಳಿಗೂ ಇವಳ ತಂಗಿಗೂ ಚಿಕ್ಕೋರಿದ್ದಾಗ ಒಟ್ಟಿಗೇ ಆಗಿತ್ತು ಸಾರ್,” ಅಂದಳು ಅವ್ವ.

ಹೊರಗೆ ಮೆಟ್ಟಿಲ ಮೇಲೆ ಅಕ್ಕ ನನ್ನ ಕೈ ಹಿಡಿದಳು. “ವಚನಾ, ನನಗೆ ಆಗಿರ್ಲಿಲ್ಲ ಕಣೇ.”

“ಪಕ್ಕದಲ್ಲೇ ಮಲಗಿದ್ಯಲ್ಲೇ!”

ಆ ಬೇಸಿಗೆ ನನಗೆ ಆರು ವರ್ಷ, ಅವಳಿಗೆ ಹತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದರು. ಮೈ ಮುಟ್ಟುವ ಹಾಗಿಲ್ಲ, ಬೇವಿನ ಎಲೆಯಲ್ಲೇ ಸವರಬೇಕು. ಎರಡನೇ ದಿನ ಅಕ್ಕನೂ ಚಾಪೆ ಸಮೇತ ಒಳಗೆ ಬಂದಳು. ಮೊಸರನ್ನ, ಎಳನೀರು, ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿನ ಕಾಸು, ಅವಳ ಸುಳ್ಳು ಕಥೆಗಳು. ನನ್ನ ಬಾಲ್ಯ ಅಂದರೆ ಇವತ್ತಿಗೂ ಆ ಹತ್ತು ದಿನವೇ.

“ಕುಂಕುಮಕ್ಕೆ ಎಣ್ಣೆ ಕಲಸಿ, ಬೆಂಕಿಕಡ್ಡೀಲಿ ಚುಕ್ಕೆ ಇಟ್ಕೊಂಡಿದ್ದೆ. ಮುಟ್ಟಿ ನೋಡೋರು ಯಾರಿದ್ರು?”

“ಯಾಕೇ? ಎಳನೀರಿಗಾ?”

“ಒಳಗೆ ಒಬ್ಳೇ ಅಳ್ತಿದ್ದೆ ನೀನು. ಆದೋರನ್ನ ಮಾತ್ರ ಒಳಗೆ ಬಿಡ್ತಿದ್ರು.”

ವಾಪಸ್ಸು ಹೋಗಿ ಡಾಕ್ಟರಿಗೆ ನಿಜ ಹೇಳಿದೆವು. ಅವರು ಅಕ್ಕನ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ವರದಿ ಬರುವವರೆಗೆ ಅವ್ವನ ಹತ್ತಿರ ಸುಳಿಯಬೇಡಿ ಎಂದರು.

ಆ ದಿನವೆಲ್ಲ ಅಕ್ಕ ಹಾಲ್‌ನಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟು ಕೂತಳು. ಬೆರಳುಗಳನ್ನು ಸೋಪು ಹಾಕಿ ಎಷ್ಟು ಸಲ ತೊಳೆದಳೋ. ಮುಚ್ಚಿದ ಬಾಗಿಲಾಚೆಯಿಂದ ಅವ್ವ, “ಒಬ್ಳೇ ಬೇಜಾರು ಕಣ್ರೇ, ಯಾರಾದ್ರೂ ಬನ್ನಿ,” ಅನ್ನುತ್ತಿದ್ದಳು. ನಾನು ಹೋಗಿ ಕೂತರೆ, “ಅವಳೆಲ್ಲಿ? ಅಸಹ್ಯಾನಾ?” ಎಂದು ಮುಖ ತಿರುಗಿಸಿದಳು. ಕುಂಕುಮದ ವಿಷಯ ಅವ್ವನಿಗೆ ಇನ್ನೂ ತಿಳಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಡಾಕ್ಟರೇ ಫೋನ್ ಮಾಡಿದರು. ಅಕ್ಕನ ರಕ್ತದಲ್ಲಿ ಆ ವೈರಸ್ಸಿನ ಹಳೇ ಗುರುತು ಇದೆ, ಮಗುವಿಗೆ ಭಯವಿಲ್ಲ. ಯಾವತ್ತೋ ತೀರಾ ಸಣ್ಣದಾಗಿ ಬಂದು ಹೋಗಿರಬೇಕು.

ಅಕ್ಕ ಫೋನ್ ಇಟ್ಟು, ಕಿವಿಯ ಹಿಂದೆ ಸವರಿಕೊಂಡಳು. ಅಲ್ಲೊಂದು ಸಣ್ಣ ಕುಳಿ.

“ಆಗ ಇಲ್ಲೊಂದು ಚುಕ್ಕೆ ತುಂಬಾ ತುರಿಸ್ತಿತ್ತು ಕಣೇ. ಬೆಂಕಿಕಡ್ಡಿ ಚುಚ್ಚಿದ್ದಕ್ಕೆ ಅಂದ್ಕೊಂಡಿದ್ದೆ.”

ಆಮೇಲೆ ಮೂಲೆಯಲ್ಲಿದ್ದ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವ್ವನ ಬಾಗಿಲು ತಳ್ಳಿದಳು.