ಬೆನ್ನ ಮೇಲಿನ ಲಾರಿ

ಊರಿಗೆ ಹೊರಟವರ ಚೀಲ ಕಂಡರೆ ಮನೆಯವರ ಕೈ ಸುಮ್ಮನಿರುವುದಿಲ್ಲ. ಇದೊಂದು ಇರಲಿ, ಅದೊಂದು ಇರಲಿ ಎಂದು ತುರುಕುತ್ತಲೇ ಇರುತ್ತಾರೆ. ಬಸ್ಸಿನಲ್ಲಿ ಹೋಗುವವರಾದರೆ ಚಿಂತೆಯಿಲ್ಲ, ಭಾರವನ್ನು ಬಸ್ಸು ಹೊರುತ್ತದೆ. ಆದರೆ ಬೇಕರಿಯ ಹುಡುಗಿ ಹೊರಟಿದ್ದು ಕಾಲ್ನಡಿಗೆಯಲ್ಲಿ. ಒಂದು ವಾರ, ಬೆಟ್ಟದಿಂದ ಬೆಟ್ಟಕ್ಕೆ, ಊಟ ಹಾಸಿಗೆ ಎಲ್ಲವೂ ಬೆನ್ನ ಮೇಲೆ.

ಹೊರಡಲು ಇನ್ನೂ ತಿಂಗಳಿತ್ತು. ಆದರೂ ಅವಳಿಗೆ ಕೂತಲ್ಲಿ ಕೂರಲಾಗದು. ಹಿಟ್ಟು ನಾದುವಾಗ ನಿಂತಲ್ಲೇ ಕಾಲು ಬದಲಿಸುವಳು. ಮನೆಗೆ ಬಂದರೆ ಚೀಲದ ಜಿಪ್ಪು ತೆಗೆಯುವಳು, ಮುಚ್ಚುವಳು, ಮತ್ತೆ ತೆಗೆಯುವಳು. ಬೇಕರಿಗೆ ಸೇರಿದ ಮೇಲೆ ಒಲೆಯ ಬೆಂಕಿ ಬಿಟ್ಟು ಬೇರೆ ಬೆಳಗು ಕಂಡವಳಲ್ಲ. ಈ ಸಲ ಕಾಣಲೇಬೇಕು ಎಂದು ರಜೆ ಕೇಳಿಕೊಂಡಿದ್ದಳು.

ಅವಳ ಅಪ್ಪ, ಮನೆ ಬದಲಿಸುವವರ ಸಾಮಾನನ್ನು ಲಾರಿಗೆ ತುಂಬುವವನು. ಬೀದಿಗೆಲ್ಲ ಲಾರಿ ಮಾವ. ಅವನು ತುಂಬಿದ ಲಾರಿಯಲ್ಲಿ ಒಂದು ಲೋಟವೂ ಒಡೆದದ್ದಿಲ್ಲ. ಹಾಗಾಗಿ ಮಗಳ ಚೀಲ ತುಂಬುವ ಹೊಣೆ ಯಾರೂ ಕೇಳದೆಯೇ ಅವನದಾಯಿತು.

"ಭಾರದ್ದೆಲ್ಲ ತಳಕ್ಕೆ. ಸಂದು ಬಿಟ್ಟರೆ ಸಾಮಾನು ಕುಣಿಯುತ್ತೆ," ಎಂದ.

ತಳಕ್ಕೆ ಕಬ್ಬಿಣದ ಬಾಣಲೆ ಹೋಯಿತು. ಮೇಲೆ ಹತ್ತಿಯ ರಜಾಯಿ. ಸಂದಿಗೆ ಮೂರು ಟವೆಲ್ಲು, ಗಾಜಿನ ಎಣ್ಣೆ ಬಾಟಲಿ, ಹಗ್ಗದ ಸುರುಳಿ. ಕೊನೆಗೊಂದು ಸುತ್ತಿಗೆ.

"ಸುತ್ತಿಗೆ ಯಾಕಪ್ಪ?"

"ಇರಲಿ ಬಿಡು. ಅದೇನು ಅನ್ನ ಕೇಳುತ್ತಾ, ನೀರು ಕೇಳುತ್ತಾ?"

ಹೊಸ ಬೂಟನ್ನು ಹಾಕಿ ನೋಡಲು ಹೋದರೆ ಅದಕ್ಕೂ ತಡೆ. "ಈಗಲೇ ಸವೆಸಬೇಡ. ಹೊಸದು ಹೊಸದಾಗೇ ಇರಲಿ." ಅವಳು ಬೂಟನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು.

ಭಾನುವಾರ, ಅವಳ ಜೊತೆ ಹೊರಡಲಿದ್ದ ನಡಿಗೆ ಗುಂಪಿನ ಹಿರಿಯಾಕೆ ಎಲ್ಲರಿಗೂ ಚೀಲ ಹೊರಿಸಿ, ಅಭ್ಯಾಸಕ್ಕೆಂದು ಊರಾಚೆಯ ಗುಡ್ಡ ಹತ್ತಿಸಿದಳು. ಹೊಸ ಬೂಟು ಪೆಟ್ಟಿಗೆಯಿಂದ ನೇರ ಕಾಲಿಗೆ ಬಂದಿತ್ತು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಕಡಿದಾದ ಕಡೆ ಚೀಲ ಹಿಂದಕ್ಕೆ ಜಗ್ಗಿತು. ಹುಡುಗಿ ಅಂಗಾತ ಬಿದ್ದ ಜೀರುಂಡೆಯ ಹಾಗೆ ಕೈಕಾಲು ಆಡಿಸಿದಳು. ಇಬ್ಬರು ಹಿಡಿದೆತ್ತಬೇಕಾಯಿತು.

"ಹೊರಡೋ ಮುಂಚೆ ಇನ್ನೊಂದ್ಸಲ ಹತ್ತಿ ತೋರಿಸು," ಎಂದಳು ಹಿರಿಯಾಕೆ. "ಆಗದಿದ್ರೆ ಈ ವರ್ಷ ಬೇಡಮ್ಮ. ಅಲ್ಲಿ ಎತ್ತೋಕೆ ಯಾರೂ ಸಿಗಲ್ಲ."

ಕುಂಟುತ್ತಾ ಮನೆಗೆ ಬಂದಾಗ ಅಪ್ಪ ಹೇಳಿದ, "ನಿನ್ನ ಮೈಗೆ ಇದು ಒಗ್ಗಲ್ಲ ಬಿಡು. ಒಲೆ ಮುಂದೆ ನಿಂತೋರಿಗೆ ಬೆಟ್ಟ ಯಾಕೆ?" ಅವಳು ನೋವಿನ ಕಾಲಲ್ಲೇ ಬಾಗಿಲಿಗೂ ಮಂಚಕ್ಕೂ ಅಲೆದಳು.

ಬೊಬ್ಬೆಗೆ ಪಟ್ಟಿ ಹಾಕಲು ಪಕ್ಕದ ಮನೆಯ ನರ್ಸಕ್ಕ ಬಂದಳು. ಹಿಂದೊಮ್ಮೆ ಅದೇ ಬೆಟ್ಟದ ದಾರಿ ನಡೆದು ಬಂದವಳು. ಚೀಲ ಎತ್ತಲು ಹೋಗಿ ಹಾಗೇ ಇಳಿಸಿದಳು.

"ಮಾವ, ಇದರೊಳಗೆ ಯಾರನ್ನ ಬಚ್ಚಿಟ್ಟಿದ್ದೀರಿ?"

"ಸಾಮಾನು ತುಂಬೋದು ನನಗೆ ಹೇಳಿಕೊಡಬೇಡಮ್ಮ."

"ಇಲ್ಲ, ನೀವೇ ನನಗೆ ಹೇಳಿ. ಬೀರುವನ್ನ ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತೋವಾಗ ಹೇಗೆ ಹೊರ್ತೀರಿ?"

"ಬೆನ್ನಿಗೆ ಅಂಟಿಸಿ. ಪಟ್ಟಿ ಬಿಗಿದು. ಸ್ವಲ್ಪ ದೂರ ಸರಿದ್ರೂ ಹಿಂದಕ್ಕೆ ಎಳೆದು..." ಅವನು ಚೀಲವನ್ನೇ ನೋಡಿದ.

ಆಗ ಹುಡುಗಿ ನೆಲಕ್ಕೆ ಕೂತು ಸುತ್ತಿಗೆಯನ್ನು ಹೊರಗೆಳೆದಳು. "ಅಪ್ಪ, ಲಾರಿ ಹೋಗಲ್ಲ. ಹೋಗೋಳು ನಾನು." ದನಿ ಸಣ್ಣದಿತ್ತು, ಆದರೆ ಕೈ ನಿಲ್ಲಲಿಲ್ಲ. ಬಾಣಲೆ ಬಂತು, ಬಾಟಲಿ ಬಂತು, ಮೂರರಲ್ಲಿ ಎರಡು ಟವೆಲ್ಲು ಬಂದವು.

"ರಜಾಯಿನೂ ತೆಗಿ," ಎಂದಳು ನರ್ಸಕ್ಕ. "ಹತ್ತಿ ನೆನೆದ್ರೆ ಕಲ್ಲಿನಷ್ಟು ಭಾರ, ಒಣಗೋದೂ ಇಲ್ಲ. ನನ್ನ ಹಗುರದ ಮಲಗೋ ಚೀಲ ಕೊಡ್ತೀನಿ, ಅದು ತಳಕ್ಕೆ. ಭಾರದ್ದು ನಡುವೆ, ಬೆನ್ನಿಗೆ ಒತ್ತಿಕೊಂಡು. ಮಳೆ ಕೋಟು ಕೈಗೆ ಸಿಗೋ ಹಾಗೆ ಮೇಲೆ. ಒಣ ಬಟ್ಟೆ ಪ್ಲಾಸ್ಟಿಕ್ ಕವರಿನೊಳಗೆ. ಟಾರ್ಚು, ಸೀಟಿ, ಔಷಧಿ, ಇವಿಷ್ಟನ್ನ ಭಾರ ಅಂತ ಬಿಡಬೇಡ."

"ಎಷ್ಟು ಭಾರ ಇರಬಹುದು ಅಕ್ಕ?"

"ನೀರು ಊಟ ಸೇರಿ ನಿನ್ನ ತೂಕದ ಐದರಲ್ಲಿ ಒಂದು ಪಾಲು ದಾಟಬಾರದು. ಕಮ್ಮಿಯಾದಷ್ಟೂ ಒಳ್ಳೇದು. ಹೇಗೂ ಬೇಕರಿಲಿ ತಕ್ಕಡಿ ಇದೆಯಲ್ಲ."

ಹೊಸದಾಗಿ ತುಂಬಿದ ಚೀಲವನ್ನು ಅಪ್ಪನೇ ಮೊದಲು ಹೆಗಲಿಗೇರಿಸಿದ. ನರ್ಸಕ್ಕ ಸೊಂಟದ ಪಟ್ಟಿ ಬಿಗಿದಳು. ಭಾರ ಹೆಗಲಿಂದ ಸೊಂಟಕ್ಕೆ ಇಳಿಯಿತು. ಅವನು ಅಡುಗೆಮನೆವರೆಗೆ ಹೋಗಿ ಬಂದ. ಮತ್ತೊಮ್ಮೆ ಹೋಗಿ ಬಂದ. "ಈ ಪಟ್ಟಿ ಅಲಂಕಾರಕ್ಕೆ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ.

ಬೊಬ್ಬೆ ವಾಸಿಯಾದ ಮೇಲೆ ಹುಡುಗಿ ದಿನಾ ಆ ಬೂಟಲ್ಲೇ ಬೇಕರಿಗೆ ನಡೆದಳು. ಜೊತೆಗೆ ಬೇಗ ಒಣಗುವ ಕಾಲುಚೀಲ. ಬೂಟು ಉಜ್ಜಿ ಬಿಸಿಯಾದ ಜಾಗಕ್ಕೆ ಬೊಬ್ಬೆ ಏಳುವ ಮೊದಲೇ ಪಟ್ಟಿ. ಚೀಲದಲ್ಲಿ ಹಿಟ್ಟಿನ ಪೊಟ್ಟಣ ಹೊತ್ತಳು, ವಾರಕ್ಕಿಷ್ಟು ಹೆಚ್ಚಿಸಿದಳು. ಸುಮ್ಮನೆ ಚಡಪಡಿಸುತ್ತಿದ್ದ ಕಾಲಿಗೆ ಈಗ ಕೆಲಸ ಸಿಕ್ಕಿತ್ತು.

ಎರಡನೇ ಸಲ ಗುಡ್ಡಕ್ಕೆ ಅಪ್ಪನೂ ಬಂದ. ಅವಳು ಎಲ್ಲೂ ಬೀಳಲಿಲ್ಲ. ತುದಿಯಲ್ಲಿ ಹಿರಿಯಾಕೆ ಅವಳ ಕಾಲು ನೋಡಿ, ಚೀಲ ಎತ್ತಿ ನೋಡಿ, "ಬಾ," ಎಂದಳು. ಅಷ್ಟೇ.

ಅಪ್ಪ ಏದುಸಿರು ಬಿಡುತ್ತಾ ಬಂಡೆಯ ಮೇಲೆ ಕೂತ. ಅವನ ಜೇಬಿನಿಂದ ಸುತ್ತಿಗೆಯ ಹಿಡಿ ಇಣುಕುತ್ತಿತ್ತು.

"ಇದ್ಯಾಕಪ್ಪ?"

"ಇರಲಿ ಬಿಡು. ಹೊರೋನು ನಾನು ತಾನೆ?"

ದೂರದ ನಡಿಗೆಗೆ ಹೊರಟವರೇ, ಇವತ್ತೇ ನಿಮ್ಮ ಚೀಲವನ್ನು ಮಂಚದ ಮೇಲೆ ಸುರಿಯಿರಿ. ಒಂದೊಂದನ್ನೂ ಎತ್ತಿ, ಇದಿಲ್ಲದೆ ಜೀವಕ್ಕೆ ತೊಂದರೆಯಾ ಎಂದು ಕೇಳಿ. ಬೂಟನ್ನು ಊರಲ್ಲೇ ಪಳಗಿಸಿ, ಚೀಲವನ್ನು ಹೊತ್ತು ನಡೆದು ನೋಡಿ, ಹೋಗುವ ದಾರಿಯನ್ನೂ ಬರುವ ದಿನವನ್ನೂ ಮನೆಯವರಿಗೆ ಹೇಳಿ. ಯಾರಾದರೂ "ಇರಲಿ ಬಿಡು" ಎಂದರೆ ಜಗಳ ಬೇಡ. ಆ ಚೀಲವನ್ನು ಅವರ ಬೆನ್ನಿಗೇ ಒಮ್ಮೆ ಏರಿಸಿ.